ನನ್ನ ಹೆಸರಿಗೊಂದು ಪಿ.ಪಿ. ಕಾಲ್

ಪ್ರಶಸ್ತಿ ಬಂತು ಅಂದರೆ ಜನ ಸಿಹಿ ಹಂಚುತ್ತಾರೆ. ನನಗೆ ಕೈಕಾಲು ತಣ್ಣಗಾದವು.

ಎಪ್ಪತ್ತೈದನೇ ಇಸವಿ, ಮಾರ್ಚ್ ತಿಂಗಳು. ಆ ವರ್ಷವನ್ನು ಜಗತ್ತೇ ಮಹಿಳಾ ವರ್ಷ ಎಂದು ಕರೆದಿತ್ತಂತೆ. ಜಗತ್ತು ಕರೆದ ಮೇಲೆ ಮೈಸೂರಿನವರು ಸುಮ್ಮನಿರುತ್ತಾರೆಯೇ? ಅಲ್ಲಿನ ಒಂದು ಮಹಿಳಾ ಸಂಘದವರು, ಸುದ್ದಿ ಮುಟ್ಟಿಸುವ ಕೆಲಸದಲ್ಲಿ ಹೆಸರು ಮಾಡಿದ ಹೆಂಗಸರಿಗೆ ಪ್ರಶಸ್ತಿ ಕೊಡಲು ಹೊರಟರು. ರೇಡಿಯೋದಲ್ಲಿ ಮಾತಾಡುವವರೊಬ್ಬರು, ಪತ್ರಿಕೆಗೆ ಬರೆಯುವವರೊಬ್ಬರು, ಟೆಲಿಫೋನಿನಿಂದ ಒಬ್ಬರು. ಆ ಟೆಲಿಫೋನಿನವಳು ಕೊಳ್ಳೇಗಾಲ ಎಕ್ಸ್‌ಚೇಂಜಿನ ಆಪರೇಟರ್ ಪುಟ್ಟಗೌರಮ್ಮ, ಅಂದರೆ ನಾನು.

ಸುದ್ದಿ ಹೇಳಿದವರು ನಮ್ಮ ಸೂಪರ್‌ವೈಸರ್ ಶಿವನಂಜಯ್ಯನವರು. ಒಳ್ಳೆಯ ಮನುಷ್ಯ. ಒಳ್ಳೆಯವರಿಂದ ಆಗುವಷ್ಟು ಅನಾಹುತ ಕೆಟ್ಟವರಿಂದಲೂ ಆಗುವುದಿಲ್ಲ.

"ನಾನೇ ಕಣವ್ವ ನಿನ್ ಹೆಸ್ರು ಕಳಿಸಿದ್ದು," ಎಂದರು, ಮುಖವರಳಿಸಿಕೊಂಡು. "ಕೇಳಿದ್ರೆ ಬ್ಯಾಡ ಅಂತಿದ್ದೆ. ಅದ್ಕೇ ಕೇಳ್ನಿಲ್ಲ."

"ಫೋಟೋ ಏನಾರ ಕಳಿಸಿದ್ರಾ ಸಾ?"

"ಕಳಿಸ್ದೆ ಇರ್ತೀನಾ? ಸರ್ವೀಸ್ ಫೈಲ್ನಲ್ಲಿತ್ತಲ್ಲ, ಬಿಡಿಸಿ ಕಳಿಸ್ದೆ. ಪೇಪರ್ನಲ್ಲಿ ಆಕುಸ್ತಾರಂತೆ."

ನಾನು ಕೂತಿದ್ದ ಕುರ್ಚಿಯ ಅಂಚನ್ನು ಹಿಡಿದುಕೊಂಡೆ. ಪಕ್ಕದಲ್ಲಿ ಕೂತು ಕೆಲಸ ಮಾಡುತ್ತಿದ್ದ ಗೋವಿಂದಮ್ಮ ಒಮ್ಮೆ ನನ್ನ ಕಡೆ ನೋಡಿ ಬೇಗ ತಲೆ ತಿರುಗಿಸಿದಳು. ಆ ಆಫೀಸಿನಲ್ಲಿ ನನ್ನ ಸಂಗತಿ ಗೊತ್ತಿದ್ದವಳು ಅವಳೊಬ್ಬಳೇ.

ಸಂಗತಿ ಇಷ್ಟು. ನನಗೆ ಗಂಡನಿದ್ದ. ಹನೂರಿನ ಆಚೆ, ಬೆಟ್ಟ ಇಳಿದರೆ ಪಾಲಾರ್. ಹೊಳೆಯ ಈ ಕಡೆ ನಮ್ಮ ರಾಜ್ಯ, ಆ ಕಡೆ ತಮಿಳುನಾಡು. ಅವನು ಬಿದಿರು ಹೊರುವ ಲಾರಿಯ ಡ್ರೈವರು, ಅಲ್ಲೇ ಮನೆ. ಲಾರಿಯಲ್ಲಿ ಬಿದಿರು ಕಟ್ಟುವ ಹಗ್ಗ ಮನೆಯಲ್ಲೂ ಉಪಯೋಗಕ್ಕೆ ಬರುತ್ತಿತ್ತು; ಅದರ ವಿವರ ನನ್ನ ಬೆನ್ನಿಗೆ ಗೊತ್ತು. ಅದನ್ನಾದರೂ ತಡೆದುಕೊಂಡಿದ್ದೆ. ಆದರೆ ನಮ್ಮ ಮಗಳು ನಿಂಗಿಯನ್ನು ಅವನ ಅಕ್ಕನ ಮಗನಿಗೆ ಕೊಡುವುದಾಗಿ ನಾಮಕರಣದ ದಿನವೇ ವೀಳ್ಯ ಹಿಡಿದು ಮಾತು ಕೊಟ್ಟುಬಿಟ್ಟಿದ್ದರು. ನಿಂಗಿ ತೊಟ್ಟಿಲಲ್ಲಿದ್ದಾಗ ಆ ಮಹಾನುಭಾವನಿಗೆ ಮೀಸೆ ಬಂದಿತ್ತು. ಮಗುವಿಗೆ ಐದು ತುಂಬಿದಾಗ, 'ಇನ್ನು ಇವಳು ನಮ್ಮನೇಲೇ ಬೆಳೀಲಿ' ಎಂದು ಆ ಅಕ್ಕ ಬಂದು ಕೂತಳು. ಮರುದಿನ ಬೆಳಿಗ್ಗೆ ನೀರಿಗೆ ಹೋಗುವವಳಂತೆ ಬಿಂದಿಗೆ ಹಿಡಿದು, ಮಗುವನ್ನು ಕಂಕುಳಿಗೇರಿಸಿಕೊಂಡು ಹೊರಟೆ. ಬಿಂದಿಗೆಯನ್ನು ಹೊಳೆಯ ದಂಡೆಯಲ್ಲೇ ಬಿಟ್ಟು ಬಸ್ಸು ಹತ್ತಿದೆ.

ನನ್ನ ಅಪ್ಪ ಯಳಂದೂರಿನಲ್ಲಿ ಟೆಲಿಫೋನ್ ಕಂಬ ಹತ್ತುವ ಲೈನ್‌ಮನ್ ಆಗಿದ್ದವರು. ಮದುವೆಗೆ ಮುಂಚೆ ನನ್ನನ್ನು ಎಸ್ಸೆಸ್ಸೆಲ್ಸಿ ಓದಿಸಿದ್ದರು. ಅವರು ತೀರಿಕೊಂಡ ಮೇಲೆ ಇಲಾಖೆಯವರು ನನಗೆ ಆಪರೇಟರ್ ಕೆಲಸ ಕೊಟ್ಟರು. ಮೊದಲು ಹಾಸನದ ಕಡೆ, ಆಮೇಲೆ ಕೊಳ್ಳೇಗಾಲ. ಗಂಡ ಯಳಂದೂರಿಗೆ ಬಂದು ಬಾಗಿಲು ಒದ್ದು ಕೇಳಿದಾಗ, ನನ್ನ ಅಣ್ಣ 'ಬೊಂಬಾಯಿಗೆ ಹೋದಳು' ಎಂದು ಹೇಳಿದ್ದ. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಹಾಗೆ ಅವನ ಮೂಗಿನ ಕೆಳಗೇ ಬದುಕಿದ್ದೆ.

ಅದು ಸಾಧ್ಯವಾದದ್ದು ನನ್ನ ಕೆಲಸದಿಂದ. ಆಪರೇಟರನ್ನು ಯಾರೂ ನೋಡುವುದಿಲ್ಲ. ಕೊಳ್ಳೇಗಾಲದಲ್ಲಿ ಫೋನಿದ್ದವರೆಲ್ಲರಿಗೂ ನನ್ನ ಧ್ವನಿ ಗೊತ್ತು, ಮುಖ ಗೊತ್ತಿಲ್ಲ. ರೇಷ್ಮೆಗೂಡಿನ ವ್ಯಾಪಾರಿ ದೊಡ್ಡಮಾದಪ್ಪನವರು ದಿನಾ ಮಧ್ಯಾಹ್ನ ರಾಮನಗರದ ಗೂಡಿನ ರೇಟು ಕೇಳಲು ಟ್ರಂಕ್ ಕಾಲ್ ಮಾಡುತ್ತಿದ್ದರು. ನಾನು 'ನಂಬರ್ ಪ್ಲೀಸ್' ಅಂದರೆ ಸಾಕು, 'ಏನ್ ತಾಯಿ, ಊಟ ಆಯ್ತಾ?' ಎನ್ನುತ್ತಿದ್ದರು. ಅದೇ ದೊಡ್ಡಮಾದಪ್ಪನವರು ಬಸ್ ಸ್ಟ್ಯಾಂಡಿನಲ್ಲಿ ನನ್ನೆದುರೇ ನಿಂತು 'ವಸಿ ಸರ್ಕಳವ್ವ' ಅಂದದ್ದುಂಟು. ಬಾಯಿ ತೆರೆದಿದ್ದರೆ ಗುರುತು ಸಿಕ್ಕಿಬಿಡುತ್ತಿತ್ತು. ಸುಮ್ಮನೆ ಸರಿದು ನಿಂತೆ.

ಪ್ರಶಸ್ತಿ ತಂದುಕೊಟ್ಟದ್ದೂ ಆ ಕೆಲಸವೇ. ಹಿಂದಿನ ವರ್ಷ ಬೆಟ್ಟದ ರಸ್ತೆಯ ತಿರುವಿನಲ್ಲಿ ಬಸ್ಸೊಂದು ಉರುಳಿ, ಗಾಯಾಳುಗಳನ್ನು ಗಾಡಿಗಳಲ್ಲಿ ಹಾಕಿಕೊಂಡು ಬಂದರು. ಊರಿನ ಡಾಕ್ಟರುಗಳೆಲ್ಲ ಅಂದು ಒಂದೊಂದು ದಿಕ್ಕಿಗೆ. ಯಾರು ಯಾರ ಮನೆಗೆ ಹೋಗುತ್ತಾರೆ, ಯಾರು ಎಲ್ಲಿ ಇಸ್ಪೀಟಾಡುತ್ತಾರೆ ಎಂಬುದು ಎಕ್ಸ್‌ಚೇಂಜಿನವರಿಗೆ ಗೊತ್ತಿಲ್ಲದೆ ಇರುತ್ತದೆಯೇ? ಊಟದ ಎಲೆಯ ಮುಂದಿನಿಂದ ಒಬ್ಬರನ್ನು, ಇಸ್ಪೀಟಿನ ಚಾಪೆಯಿಂದ ಇನ್ನೊಬ್ಬರನ್ನು ಎಬ್ಬಿಸಿದೆ, ಮೈಸೂರಿನಿಂದ ರಕ್ತ ತರಿಸಿದೆ. ಅದೇನು ದೊಡ್ಡ ಸಾಹಸವಲ್ಲ. ಕೂತ ಕಡೆಯೇ ಕೂತು ಮಾತಾಡಿದೆ, ಅಷ್ಟೆ.

ಪತ್ರಿಕೆ ಬಂತು. ನನ್ನ ಮುಖ ಹೆಬ್ಬೆರಳಿನಷ್ಟು ದೊಡ್ಡದಾಗಿ ಅಚ್ಚಾಗಿತ್ತು. ಕೆಳಗೆ ಹೆಸರು, ಊರು. 'ಒಬ್ಬಳೇ ಮಗಳನ್ನು ಕೊಳ್ಳೇಗಾಲದ ಬಾಲಿಕಾ ಶಾಲೆಯಲ್ಲಿ ಓದಿಸುತ್ತಿರುವ ಧೀಮಂತ ಮಹಿಳೆ' ಎಂದೂ ಹೊಗಳಿದ್ದರು. ಭಾನುವಾರ ಇಂಥ ಹೊತ್ತಿಗೆ, ಮೈಸೂರಿನ ಇಂಥ ಸಭಾಂಗಣದಲ್ಲಿ ಎಂದು ದಾರಿಯನ್ನೂ ತೋರಿಸಿದ್ದರು. ಕಳ್ಳನಿಗೆ ಮನೆ ಬಾಗಿಲು ತೆರೆದು, ಬುಡ್ಡಿಯನ್ನೂ ಹಿಡಿದು ನಿಂತಂತಾಗಿತ್ತು. ಓದಿ, ಹಿಂದಿನ ನಲ್ಲಿಯ ಹತ್ತಿರ ಹೋಗಿ ಕೂತುಬಿಟ್ಟೆ.

"ಅವನ್ಗೆ ಓದಾಕ್ ಬತ್ತದಾ?" ಎಂದು ಗೋವಿಂದಮ್ಮ ಕೇಳಿದಳು.

"ಬರಕಿಲ್ಲ."

"ಮತ್ಯಾಕ್ ಸಾಯ್ತೀಯೆ?"

"ಟೀ ಅಂಗ್ಡೀಲಿ ಯಾರಾರ ಓದ್ತಾರೆ ಕಣೆ. ಫೋಟೋ ನೋಡಾಕೆ ಓದೇನು ಬೇಕಾ?"

ಅಂದಿನಿಂದ ನನ್ನ ಪಾಡು ನಾಯಿಪಾಡಾಯಿತು. ಬೆಟ್ಟದ ಕಡೆಯ ಬಸ್ಸು ಬರುವ ಹೊತ್ತಿಗೆ ಎದೆ ಹೊಡೆದುಕೊಳ್ಳುತ್ತಿತ್ತು. ಬೀದಿಯಲ್ಲಿ ಯಾರಾದರೂ ಅವನಂತೆ ಖಾಕಿ ಅಂಗಿ ತೊಟ್ಟು ತೋಳು ಮಡಿಚಿಕೊಂಡು ನಡೆದರೆ, ಅವರು ಹತ್ತಿರ ಬಂದು ಬೇರೆಯವರೆಂದು ಗೊತ್ತಾಗುವವರೆಗೆ ಉಸಿರು ಬಿಡುತ್ತಿರಲಿಲ್ಲ. ನಿಂಗಿಯನ್ನು ನಾನೇ ಶಾಲೆಗೆ ಬಿಟ್ಟು ನಾನೇ ಕರೆತರತೊಡಗಿದೆ. ಹದಿಮೂರರ ಹುಡುಗಿಗೆ ಅದು ಅವಮಾನ.

"ನಾನೇನ್ ಕೂಸಾ?" ಎಂದು ಅವಳು ಗೆಳತಿಯರ ಮುಂದೆಯೇ ಸಿಡುಕಿದಳು. ಮನೆಗೆ ಬಂದ ಮೇಲೆ ಮಾತ್ರ ಮೆತ್ತಗಾಗಿ, "ಅವ್ವ, ಸ್ಟೇಜ್ ಮೇಲೆ ನೀನು ಏನ್ ಮಾತಾಡ್ತೀಯೆ?" ಎಂದಳು. ಸಮಾರಂಭಕ್ಕೆಂದು ಹೊಸ ರವಿಕೆಯ ಬಟ್ಟೆ ಆರಿಸಿಟ್ಟಿದ್ದಳು.

"ನಾನು ಓಗಾಕಿಲ್ಲ. ಗೋವಿಂದಮ್ಮ ಓಗಿ ಈಸ್ಕಂಡು ಬತ್ತಾಳೆ."

ನಿಂಗಿ ನನ್ನನ್ನೇ ನೋಡಿದಳು. "ಅಪ್ಪನ್ ಭಯಕ್ಕಾ?" ಎಂದಳು.

ನಾನು ಅವಳಿಗೆ ಅಪ್ಪನ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ. ಆದರೆ ಐದು ವರ್ಷದ ಮಗುವಿಗೂ ಕಣ್ಣಿರುತ್ತದೆ. ನಾನು ಒಲೆಯ ಮುಂದೆ ಕೂತೆ. ಅವಳು ಆ ಬಟ್ಟೆಯನ್ನು ಮಡಿಚಿ ಟ್ರಂಕಿನ ತಳಕ್ಕೆ ಹಾಕಿದಳು. ನನಗೆ ಅಳು ಬಂತು.

ಗುರುವಾರ ಮಧ್ಯಾಹ್ನ ಎಕ್ಸ್‌ಚೇಂಜಿನಲ್ಲಿ ನಾನೊಬ್ಬಳೇ ಇದ್ದೆ. ಶಿವನಂಜಯ್ಯನವರು ಎಲ್ಲೋ ತಂತಿ ಕಡಿದಿದೆ ಎಂದು ಹೋಗಿದ್ದರು. ಗೋವಿಂದಮ್ಮ ಊಟಕ್ಕೆ ಹೋಗಿದ್ದಳು. ಪಾಲಾರಿನ ಆಚೆ, ತಮಿಳುನಾಡಿನ ಮೆಟ್ಟೂರಿನ ಲೈನು ಕರೆಯಿತು. ಅಲ್ಲಿನ ಆಪರೇಟರ್ ತಮಿಳಿನವಳು. ಎಷ್ಟೋ ಕಾಲದಿಂದ ನಾವಿಬ್ಬರೂ ದಿನಾ ಮಾತಾಡುತ್ತಿದ್ದೆವು. ಪರಸ್ಪರ ಹೆಸರು ಕೇಳಿರಲಿಲ್ಲ. ನಮ್ಮಲ್ಲಿ ಹಾಗೆಯೇ, ಊರೇ ಹೆಸರು.

"ಕೊಳ್ಳೇಗಾಲ್, ಮೇಟ್ಟೂರ್ ಪೇಸುದು," ಅಂದಳು. "ಪಿ.ಪಿ. ಕಾಲ್ ಒಣ್ಣು. ಪೇರು ಪುಟ್ಟಗೌರಮ್ಮ. ಉಂಗ ಆಫೀಸ್ ತಾನ್."

ಪಿ.ಪಿ. ಕಾಲ್ ಅಂದರೆ ಹೆಸರು ಹಿಡಿದು ಮಾಡುವ ಕರೆ. ಆ ಹೆಸರಿನವರೇ ಬಂದು ಫೋನು ಹಿಡಿದರೆ ಮಾತ್ರ ಮಾತು ಶುರು. ಬಾರದಿದ್ದರೆ 'ಪಾರ್ಟಿ ಇಲ್ಲ' ಎಂದು ಈ ಕಡೆಯ ಆಪರೇಟರ್ ಹೇಳಬೇಕು, ಅಲ್ಲಿಗೆ ಮುಗಿಯಿತು. ಪ್ರತಿದಿನ ಯಾರ್ಯಾರಿಗೋ ಹೇಳುವ ಮಾತು. ಅಂದು ನನ್ನ ಬಗ್ಗೆ ನಾನೇ ಹೇಳಿದೆ.

"ಪಾರ್ಟಿ ಇಲ್ಲ."

ಆ ಕಡೆ ಯಾರೋ ಕೌಂಟರಿನ ಮೇಲೆ ಬಡಿಯುವ ಸದ್ದು ಕೇಳಿಸಿತು. ಮೆಟ್ಟೂರಿನವಳಿಗೆ ಬೇಸರವಾಗಿತ್ತು. "ಇಂದ ಆಳು ನಂಬಮಾಟ್ಟೇಂಗ್ರಾನ್. ಒರೇ ಸತ್ತಂ. ಕನ್ನಡ ಆಳು, ನೀಂಗಳೇ ಸೊಲ್ಲುಂಗ," ಎಂದಳು. ಕನ್ನಡದವನಿಗೆ ನಾನೇ ಹೇಳಲೆಂದು, ನಾನು ಬೇಡ ಅನ್ನುವುದರೊಳಗೆ, ನಂಬದೆ ಕೂಗಾಡುತ್ತಿದ್ದ ಆ ಗಿರಾಕಿಯನ್ನೇ ಲೈನಿಗೆ ಕೊಟ್ಟುಬಿಟ್ಟಳು.

"ಅಲೋ!"

ಎಂಟು ವರ್ಷವಾದರೂ ಆ ಧ್ವನಿ ನನ್ನ ಬೆನ್ನಿನ ಮೇಲೆಯೇ ಬಿದ್ದಂತಾಯಿತು. ತಂತಿಯ ಆಚೆ, ಬೆಟ್ಟದ ಆಚೆ, ಹೊಳೆಯ ಆಚೆ ಇರುವವನು ಕೈಯೆತ್ತಿದರೂ ನನಗೆ ತಾಕುವುದಿಲ್ಲ ಎಂದು ಬುದ್ಧಿಗೆ ಗೊತ್ತು. ಮೈಗೆ ಗೊತ್ತಿರಲಿಲ್ಲ. ತಲೆ ತಾನಾಗಿ ತಗ್ಗಿತು.

ಲೈನು ಕಿತ್ತು ಬಿಸಾಡಬಹುದಿತ್ತು. ಆದರೆ ಕಿತ್ತರೆ ಅನುಮಾನ ಬರುತ್ತದೆ.

"ಕೊಳ್ಳೇಗಾಲ. ಹೇಳಿ," ಅಂದೆ.

"ಪುಟ್ಟಗೌರಿ ಅಂತ ಅವ್ಳಲ್ಲ ಅಲ್ಲಿ, ಅವಳ್ನ ಕೊಡಿ."

"ಅವರು ಇಲ್ಲ."

"ಇಲ್ಲಾಂದ್ರೆ? ಪೇಪರ್ನಲ್ಲಿ ಬಂದದೆ, ನಮ್ ಟೀ ಅಂಗ್ಡೀಲಿ ಓದಿದ್ರು. ಅಲ್ಲೇ ಅವ್ಳೆ ಅವ್ಳು."

"ಈಗ ಡ್ಯೂಟಿಯಲ್ಲಿಲ್ಲ."

ತಂತಿಯಲ್ಲಿ ಗಾಳಿ ಮಾತ್ರ ಗುಂಯ್‌ಗುಡುತ್ತಿತ್ತು. ಆಮೇಲೆ ಅವನ ಧ್ವನಿ ತಗ್ಗಿತು. ಅವನು ಧ್ವನಿ ತಗ್ಗಿಸಿದರೆ ಮುಂದಿನದು ಏಟು.

"ಅಲ್ಲಾ, ನಿಮ್ ದನಿ ಎಲ್ಲೋ ಕೇಳ್ದಂಗದೆ. ಯಾರ್ ಮಾತಾಡ್ತಿರೋದು?"

ಮುಗಿಯಿತು ಅಂದುಕೊಂಡೆ. ನಿಂಗಿ ಇನ್ನೂ ಶಾಲೆಯಲ್ಲಿದ್ದಳು; ಈಗಲೇ ಓಡಿಹೋಗಿ ಅವಳನ್ನು ಎಳೆದುಕೊಂಡು ಯಾವುದಾದರೂ ಬಸ್ಸು ಹತ್ತಬೇಕು ಎಂದು ತಲೆಯಲ್ಲಿ ಓಡುತ್ತಿತ್ತು. ಆದರೆ ನಾಲಿಗೆ ಅಭ್ಯಾಸದ ಮಾತನ್ನೇ ಹಿಡಿದುಕೊಂಡಿತು.

"ಕರೆ ಮಾಡಿದವರ ಹೆಸರು ಹೇಳಿ."

"ಮಾದಸ್ವಾಮಿ. ಪಾಲಾರ್."

ಹೇಳಿದ ಹೆಸರನ್ನು ಆಪರೇಟರ್ ತಿರುಗಿಸಿ ಹೇಳಿ ಖಾತ್ರಿ ಮಾಡಿಕೊಳ್ಳಬೇಕು. ಅದು ನಿಯಮ. ನಮ್ಮ ಕಡೆ ಇನ್ನೊಂದು ನಿಯಮವೂ ಇದೆ. ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಸರ್ಕಾರದವರು ಬಂದು ಕೇಳಿದರೂ ಪಕ್ಕದ ಮನೆಯವಳನ್ನು ಕರೆದು ಹೇಳಿಸುತ್ತಾಳೆ. ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದಂತೆ. ಅವನ ಆಯಸ್ಸಿನ ಮೇಲೆ ನನಗೆ ಅಂಥ ಮಮಕಾರವೇನೂ ಉಳಿದಿರಲಿಲ್ಲ. ಆದರೂ ಮದುವೆಯಾದಂದಿನಿಂದ ಆ ಹೆಸರು ನನ್ನ ಬಾಯಲ್ಲಿ ಬಂದಿರಲಿಲ್ಲ. ರೇಷನ್ ಆಫೀಸಿನಲ್ಲಿ ಕೇಳಿದಾಗ ಕೂಡ ನನ್ನ ಪರವಾಗಿ ಗೋವಿಂದಮ್ಮನೇ ಹೇಳಿದ್ದಳು.

ಅವನು ಕಾಯುತ್ತಿದ್ದ.

"ಮಾದಸ್ವಾಮಿ," ಅಂದೆ. ಕತ್ತಿನಿಂದ ಏನೋ ಕಿತ್ತು ಬಂದಂತಾಯಿತು. "ಮಾದಸ್ವಾಮಿ, ಪಾಲಾರ್. ಸರಿಯೇ?"

ಆ ಕಡೆ ಅವನು ನಕ್ಕುಬಿಟ್ಟ.

"ಊ ಕಣ್ ತಾಯಿ, ಸರ್ಯಾಗದೆ. ತಪ್ ತಿಳ್ಕಬ್ಯಾಡಿ. ಒಂದ್ ಗಳಿಗೆ ಅವಳೇಯ ಅನ್ಕಂಬುಟ್ಟೆ. ಅವ್ಳಾಗಿದ್ರೆ ಕತ್ ಕುಯ್ದ್ರೂವ ನನ್ ಹೆಸ್ರ ಹೇಳ್ತಿರ್ನಿಲ್ಲ."

ತಾಯಿ ಅಂದ. ಬಹುವಚನದಲ್ಲಿ ಮಾತಾಡಿದ. ಅವನೊಡನೆ ಸಂಸಾರ ಮಾಡಿದಷ್ಟು ಕಾಲವೂ ನನ್ನನ್ನು ಹೀಗೆ ಕರೆದಿರಲಿಲ್ಲ. ನನಗೆ ನಗು ಬರಲಿಲ್ಲ, ಸಮಾಧಾನವೂ ಆಗಲಿಲ್ಲ. ಬೆವರು ಮಾತ್ರ ಕುತ್ತಿಗೆಯಿಂದ ಬೆನ್ನಿಗೆ ಇಳಿಯುತ್ತಿತ್ತು.

"ಒಂದ್ ಮಾತ ಅವಳ್ಗೆ ಮುಟ್ಟಿಸ್ಬುಡಿ ತಾಯಿ," ಎಂದು ಮುಂದುವರಿಸಿದ. "ಮಗೀನ ಅವಳತ್ರ ಬುಟ್ಟಿದ್ದು ಸಾಕು. ನಮ್ಮಕ್ಕನ ಮಗನ್ಗೆ ಮಾತಾಗದೆ, ಅವ್ನೂ ಕಾದೂ ಕಾದೂ ಇನ್ನೂ ಅಂಗೇ ಅವ್ನೆ. ಭಾನ್ವಾರ ಮೈಸೂರ್ಗೆ ಬತ್ತೀವಿ."

"ಅಲ್ಲಿ ತುಂಬಾ ಜನ ಇರ್ತಾರೆ," ಅಂದೆ. "ಅವರು ಬರ್ತಾರೋ ಇಲ್ವೋ ಅದೂ ಗೊತ್ತಿಲ್ಲ."

"ಬರ್ದಿದ್ರೆ ಅಲ್ಲಿಂದ ಕೊಳ್ಳೇಗಾಲ್ಕೇ ಬತ್ತೀವಿ. ಇಸ್ಕೂಲ್ ಯಾವ್ದು ಅಂತ್ಲೂ ಪೇಪರ್ನಲ್ಲಿ ಬರ್ದವ್ರಂತಲ್ಲ. ಅವಳ್ನ ಗುರ್ತಿಡಿಯಾಕೆ ನಂಗೇನ್ ಕಷ್ಟ ತಾಯಿ? ಏಳು ವರ್ಸ ಬಾಳಾಟ ಮಾಡಿವ್ನಿ. ಬಾಯೇ ಇಲ್ದೋಳು ಅವ್ಳು."

"ಹೇಳ್ತೀನಿ," ಅಂದೆ. ತಂತಿಯನ್ನು ಎಳೆದೆ.

ಕೈಗಳನ್ನು ಮಡಿಲಲ್ಲಿ ಇಟ್ಟು ಒತ್ತಿ ಹಿಡಿದೆ. ಬಾಯೇ ಇಲ್ಲದವಳು! ನಿಜ, ಆ ಮನೆಯಲ್ಲಿ ಮಾವನೆದುರು ಸೊಸೆ ಉಸಿರೆತ್ತುವಂತಿರಲಿಲ್ಲ. ಗಂಡನೊಡನೆಯೂ ಬಾಗಿಲ ಸಂದಿಯಿಂದ ಪಿಸುಮಾತು. ಅವನು ನನ್ನ ಬೆನ್ನು ಬಲ್ಲ, ತಲೆ ತಗ್ಗಿಸಿದ ಬೈತಲೆ ಬಲ್ಲ. ನನ್ನ ಧ್ವನಿ ಅವನಿಗೆ ಎಲ್ಲೋ ಕೇಳಿದ ಸದ್ದು, ಅಷ್ಟೆ. ಸಿಟ್ಟು ಬಂತು, ಬಹಳ ಸಿಟ್ಟು ಬಂತು. ಆದರೆ ಸಿಟ್ಟು ಬಂದ ಮಾತ್ರಕ್ಕೆ ಭಯ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಎರಡೂ ಒಂದೇ ಹೊಟ್ಟೆಯಲ್ಲಿ ಇರುತ್ತವೆ.

ಭಾನುವಾರಕ್ಕೆ ನಡುವೆ ಎರಡೇ ದಿನ. ಓಡಿಹೋಗಬೇಕು. ಮತ್ತೆ ಬೇರೆ ಊರು, ಬೇರೆ ಶಾಲೆ. ಅಲ್ಲಿಗೂ ಬಂದರೆ ಇನ್ನೊಂದು ಊರು. ನಿಂಗಿ ಟ್ರಂಕಿನ ತಳಕ್ಕೆ ಇನ್ನೂ ಏನೇನು ಹಾಕಬೇಕು?

ಬೋರ್ಡಿನ ಮೇಲೆ ಒಂದು ನಂಬರಿನ ಪುಟ್ಟ ತಗಡು ಟಪ್ಪೆಂದು ಬಿತ್ತು. ಯಾರೋ ಕರೆಯುತ್ತಿದ್ದರು. ಕರೆದರೆ ಉತ್ತರಿಸಬೇಕಲ್ಲ. ತಂತಿ ಚುಚ್ಚಿದೆ.

"ನಂಬರ್ ಪ್ಲೀಸ್."

ದೊಡ್ಡಮಾದಪ್ಪನವರ ಧ್ವನಿ ನಿಧಾನವಾಗಿ ಬಂತು. "ಯಾಕ್ ತಾಯಿ, ಏನಾಯ್ತು?"

"ಏನಿಲ್ಲ. ನಂಬರ್ ಹೇಳಿ."

"ನಿಮ್ ದನಿ ನಂಗೊತ್ತಿಲ್ವಾ? ಏನೋ ಆಗದೆ. ರಾಮ್ನಗರದ ರೇಟು ಎಲ್ಗೂ ಓಗಾಕಿಲ್ಲ, ಆಮೇಕ್ ಕೇಳ್ಕಂಡ್ರಾಯ್ತು. ಏನಾಯ್ತು ಅಂತ ಮೊದ್ಲು ಏಳಿ."

ನನ್ನ ಮುಖವನ್ನು ಒಮ್ಮೆಯೂ ಗುರುತಿಸದ ಮನುಷ್ಯ. ಎರಡೇ ಮಾತಿನಲ್ಲಿ ಹಿಡಿದುಬಿಟ್ಟಿದ್ದರು. ಡ್ಯೂಟಿಯಲ್ಲಿ ಸ್ವಂತ ಮಾತು ಆಡಬಾರದು ಎಂಬ ನಿಯಮ ಗೋಡೆಯ ಮೇಲೆಯೇ ತೂಗುತ್ತಿತ್ತು. ತೂಗಲಿ ಅಂದುಕೊಂಡೆ.

"ಭಯ ಆಯ್ತಾ ಅದೆ ಅಣ್ಣ," ಅಂದೆ. "ನನ್ ಮಗಳ್ನ ಎತ್ತಾಕಂಡ್ ಓಗಾಕೆ ಬತ್ತಾವ್ನೆ."

"ಯಾರು?"

"ಮಾದಸ್ವಾಮಿ. ನನ್ ಗಂಡ."

ಎಲ್ಲವನ್ನೂ ಹೇಳಿದೆ. ಹಗ್ಗ, ವೀಳ್ಯ, ಬಿಂದಿಗೆ, ಈಗ ತಾನೇ ಬಂದ ಕರೆ. ಬೇರೆ ತಗಡುಗಳು ಒಂದೊಂದಾಗಿ ಬೀಳುತ್ತಿದ್ದವು. ಕೊಳ್ಳೇಗಾಲದ ವ್ಯಾಪಾರಿಗಳೆಲ್ಲ ಅಂದು ಸ್ವಲ್ಪ ಕಾದರು. ದೊಡ್ಡಮಾದಪ್ಪನವರು ನಡುವೆ ಬಾಯಿ ಹಾಕಲಿಲ್ಲ.

"ಮಗ ಈಗ ಎಲ್ಲವ್ಳೆ?" ಎಂದರು ಕೊನೆಗೆ.

"ಇಸ್ಕೂಲ್ನಲ್ಲಿ."

"ನಮ್ಮನೆಯೋಳು ಈಗ್ಲೇ ಓಗಿ ಕರ್ಕಂಡ್ ಬತ್ತಾಳೆ. ನೀವ್ ಬರೋಗಂಟ ನಮ್ಮನೇಲೇ ಇರ್ಲಿ. ಇನ್ಸ್‌ಪೆಕ್ಟ್ರಿಗೆ ಒಂದ್ ಲೈನ್ ಕೊಡಿ, ನಾನ್ ಮಾತಾಡ್ತೀನಿ. ಭಾನ್ವಾರ ಗೂಡಿನ ಮಾರ್ಕೆಟ್ನೋರೆಲ್ಲ ನಿಮ್ ಸಂಗಡ ಮೈಸೂರ್ಗೆ ಬತ್ತೀವಿ. ಅದ್ಯಾವನ್ ಮುಟ್ಟಾನು ನೋಡವಾ," ಎಂದರು.

"ನಾನು ಓಗಾಕಿಲ್ಲ ಅಂತ ಏಳ್ಬುಟ್ಟಿವ್ನಿ ಅಣ್ಣ."

"ಯಾಕ್ ತಾಯಿ ಓಗ್ಬಾರ್ದು? ಆವತ್ತು ಬಸ್ಸು ಉಲ್ಟಾದಾಗ ನಮ್ ತಂಗಿನೂ ಅದ್ರಲ್ಲೇ ಇದ್ಲು, ನಿಮ್ಮಿಂದ ಉಳ್ಕಂಡ್ಲು. ನಿಮ್ಗೆ ಏಳಾಕೆ ಬಾಯೇ ಬಂದಿರ್ನಿಲ್ಲ ನಂಗೆ." ಅವರ ಧ್ವನಿ ಒಂದು ಕ್ಷಣ ಒಡೆಯಿತು. ಆಮೇಲೆ ತಮಗೇ ನಾಚಿಕೆಯಾದಂತೆ ನಕ್ಕರು. "ಆದ್ರೆ ಒಂದ್ ತೊಂದ್ರೆ ಅದೆ ಕಣ್ ತಾಯಿ. ನಿಮ್ ಮಖ ನಾವ್ ಯಾರೂ ನೋಡಿಲ್ಲ. ಪೇಪರ್ನಲ್ಲಿ ಬರೀ ಮಸಿ. ಅಷ್ಟ್ ಜನ್ದಲ್ಲಿ ನೀವ್ಯಾರು ಅಂತ ನಮ್ಗೆ ಎಂಗ್ ಗೊತ್ತಾಗ್ಬೇಕು?"

ಭಯ ಹಾಗೆಯೇ ಇತ್ತು.

"ನಾನು ಮಾತಾಡ್ತೀನಿ," ಅಂದೆ.